ಗುಡ್ಡದ ಸೈಕಲ್ಲು, ಒಂದು ಒಪ್ಪಿಗೆಯ ಚೀಟಿ

‘ಪ್ರೋತ್ಸಾಹ’ ಎಂಬುದು ನಮ್ಮ ಸಭೆಗಳಲ್ಲಿ ಬಹಳ ಸವೆದುಹೋದ ಮಾತು. ಶಾಲೆಯ ವಾರ್ಷಿಕೋತ್ಸವವಿರಲಿ, ಮಹಿಳಾ ಸಮಾಜದ ಸಮಾರಂಭವಿರಲಿ, ಅಧ್ಯಕ್ಷಪೀಠದಲ್ಲಿ ಕುಳಿತವರು “ಹೆಣ್ಣುಮಕ್ಕಳಿಗೆ ಪ್ರೋತ್ಸಾಹ ಕೊಡಬೇಕು” ಎಂದು ಒಂದು ಸಲವಾದರೂ ಹೇಳದೆ ವೇದಿಕೆಯಿಂದ ಇಳಿಯುವುದಿಲ್ಲ. ನಾನೂ ಎಷ್ಟೋ ಸಲ ಹೇಳಿದ್ದೇನೆ. ಹೇಳಿ, ಕೊರಳಿನ ಹಾರವನ್ನು ತೆಗೆದು ಮೇಜಿನ ಮೇಲಿಟ್ಟು, ಕಾಫಿ ಕುಡಿದು ಮನೆಗೆ ಬಂದಿದ್ದೇನೆ. ಆ ಮಾತಿಗೆ ಬೆಲೆಯೇನಾದರೂ ಉಂಟೆ, ಆಡಿದವರು ಯಾವುದಕ್ಕಾದರೂ ಹೊಣೆಯಾಗಬೇಕೆ ಎಂಬ ಪ್ರಶ್ನೆ ಮಾತ್ರ ನನ್ನ ಬಳಿ ಸುಳಿದಿರಲಿಲ್ಲ. ಕಳೆದ ವರ್ಷ ಒಂದು ಚೀಟಿ ಬಂದು ಅದನ್ನು ನನ್ನ ಮುಂದೆ ನಿಲ್ಲಿಸಿತು.

ನಮ್ಮ ಕಾಲೇಜಿನ ಎಂಟು ಮಂದಿ ವಿದ್ಯಾರ್ಥಿಗಳು ಸೇರಿ ಗುಡ್ಡದ ಸೈಕಲ್ಲಿನ ಒಂದು ಗುಂಪು ಕಟ್ಟಿಕೊಂಡಿದ್ದರು. ಭಾನುವಾರ ನಸುಕಿನಲ್ಲಿ ಊರಾಚೆಯ ಗುಡ್ಡಕ್ಕೆ ಹೋಗಿ, ಕುರಿಗಾಹಿಗಳು ನಡೆದು ಆದ ಕಾಲುದಾರಿಯಲ್ಲಿ ಏರುವುದು, ಇಳಿಯುವುದು. ಇಷ್ಟೇ ಅವರ ಕಾರ್ಯಕ್ರಮ. ಯಾರಾದರೊಬ್ಬ ಅಧ್ಯಾಪಕರ ಸಹಿ ಬೇಕೆಂದು ನನ್ನ ಬಳಿಗೆ ಬಂದರು. ಆರು ಮಂದಿ ಹುಡುಗರ ಚೀಟಿಗಳಿಗೆ ಒಂದೇ ಉಸಿರಿನಲ್ಲಿ ಸಹಿ ಹಾಕಿದೆ. ಏಳನೆಯದೂ ಎಂಟನೆಯದೂ ಹುಡುಗಿಯರವು. ಲೇಖನಿಯನ್ನು ಕೆಳಗಿಟ್ಟು, “ಮನೆಯಲ್ಲಿ ಕೇಳಿದ್ದೀರೇನಮ್ಮ?” ಎಂದೆ.

ಅವರಲ್ಲಿ ಒಬ್ಬಳು ಐಚ್ಛಿಕ ಕನ್ನಡ ಓದುವ ಅಂತಿಮ ವರ್ಷದ ಹುಡುಗಿ. ಕೊಂಕಿಲ್ಲ, ಕೋಪವಿಲ್ಲ, ಲೆಕ್ಕದಲ್ಲಿ ತಪ್ಪು ತೋರಿಸುವವಳಂತೆ ಹೇಳಿದಳು: “ಅವರನ್ನು ನೀವು ಕೇಳಲಿಲ್ಲವಲ್ಲ, ಮೇಡಂ.”

ನಿಜ, ಕೇಳಿರಲಿಲ್ಲ. ಎಂಟು ಮಂದಿಗೂ ಹದಿನೆಂಟು ದಾಟಿತ್ತು. ಕಾನೂನಿನ ಕಣ್ಣಿಗೆ ಎಲ್ಲರೂ ದೊಡ್ಡವರೇ. ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ಅದೇ ದಿನ ಬೆಳಗಿನ ತರಗತಿಯಲ್ಲಿ ನಾನು ಅಕ್ಕಮಹಾದೇವಿಯನ್ನು ಪಾಠ ಮಾಡಿದ್ದೆ. ಉಡುತಡಿಯಿಂದ ಹೊರಟು ಕಲ್ಯಾಣವನ್ನು ಕಂಡು, ಅಲ್ಲಿಂದ ಶ್ರೀಶೈಲದ ಕದಳಿಗೆ ಕಾಡು ಬೆಟ್ಟಗಳ ದಾರಿಯಲ್ಲಿ ಒಂಟಿಯಾಗಿ ನಡೆದ ಆ ಹೆಣ್ಣಿನ ಧೈರ್ಯವನ್ನು ಮನದುಂಬಿ ಕೊಂಡಾಡಿದ್ದೆ. ಹನ್ನೆರಡನೆಯ ಶತಮಾನದ ಹೆಣ್ಣು ಬೆಟ್ಟ ಹತ್ತಿದರೆ ನಮಗೆ ಪಠ್ಯ. ನಮ್ಮೆದುರಿನ ಹೆಣ್ಣು ಹತ್ತುತ್ತೇನೆಂದರೆ ಮನೆಯಲ್ಲಿ ಕೇಳಬೇಕು! ನಾಚಿಕೆಯಾಯಿತು, ಸಹಿ ಹಾಕಿದೆ. ಆದರೆ ನಾಚಿಕೆಯಿಂದ ಹಾಕಿದ ಸಹಿ ವಿವೇಕದಿಂದ ಹಾಕಿದ ಸಹಿಯಾಗುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ಗುಡ್ಡದ ಸೈಕಲ್ಲನ್ನು ಕಾಣದ ವಾಚಕರಿಗಾಗಿ ಎರಡು ಮಾತು. ಮೌಂಟನ್ ಬೈಕ್ ಎಂದು ಹೆಸರು. ನಮ್ಮ ಪೋಸ್ಟಿನವನ ಸೈಕಲ್ಲಿಗೆ ಇದು ದಾಯಾದಿ. ಮೈಕಟ್ಟು ಮಾತ್ರ ಬೇರೆ. ಚಕ್ರಗಳು ದಪ್ಪ, ಟೈರಿನ ಮೇಲೆ ಹಾಗಲಕಾಯಿಯಂತೆ ಗುಬುಟು. ಗಾಳಿಯನ್ನು ಬಿಗಿಯಾಗಿ ತುಂಬುವುದಿಲ್ಲ. ಕಲ್ಲು ಬೇರುಗಳ ಮೇಲೆ ಟೈರು ತುಸು ಒತ್ತಿ ಹಿಡಿತ ಸಿಗಲೆಂದು ಮೆತ್ತಗೇ ಬಿಟ್ಟಿರುತ್ತಾರೆ. ಮುಂದಿನ ಕವಲಿನಲ್ಲಿ ಏಟನ್ನು ನುಂಗುವ ವ್ಯವಸ್ಥೆಯುಂಟು. ಇಳಿಜಾರಿನಲ್ಲಿ ಆಸನದ ಮೇಲೆ ಕೂರುವುದಿಲ್ಲ. ಪೆಡಲುಗಳನ್ನು ಸಮನಾಗಿಸಿ ಅದರ ಮೇಲೆ ನಿಂತು, ಮೊಣಕಾಲು ಮೊಣಕೈಗಳನ್ನು ಸಡಿಲಬಿಟ್ಟು, ಮೈಭಾರವನ್ನು ಹಿಂದಕ್ಕೆ ಸರಿಸಬೇಕು. ಎಲ್ಲಕ್ಕಿಂತ ಮುಖ್ಯವಾದ ಪಾಠ ಕಣ್ಣಿಗೆ ಸಂಬಂಧಿಸಿದ್ದು. ದಾರಿಯಲ್ಲಿ ಕಲ್ಲೊಂದಿದ್ದರೆ ಆ ಕಲ್ಲನ್ನೇ ದಿಟ್ಟಿಸಬಾರದು. ಅದರ ಪಕ್ಕದಲ್ಲಿ ಹಾದುಹೋಗುವ ದಾರಿಯನ್ನು ನೋಡಬೇಕು. ಕಣ್ಣು ಎಲ್ಲಿ ನೆಟ್ಟಿತೋ ಚಕ್ರವೂ ಅಲ್ಲಿಗೇ ಹೋಗುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ಈ ವಿದ್ಯಾರ್ಥಿಗಳೇ.

ಈ ಆಟ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮರಿನ್ ಎಂಬ ಸೀಮೆಯ ಬೆಟ್ಟಗಳಲ್ಲಿ. 1970ರ ದಶಕದಲ್ಲಿ ಅಲ್ಲಿನ ಕೆಲವು ತರುಣರು ಮೂವತ್ತು ನಾಲ್ವತ್ತು ವರ್ಷ ಹಳೆಯ, ದಪ್ಪ ಟೈರಿನ ಗುಜರಿ ಸೈಕಲ್ಲುಗಳನ್ನು ಹೊತ್ತೊಯ್ದು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. 1976ರಲ್ಲಿ ಅದೇ ಇಳಿಜಾರಿನಲ್ಲಿ ಪಂದ್ಯ ಶುರುವಾಯಿತು. ಎರಡು ಮೈಲಿಯಷ್ಟು ದಾರಿಯಲ್ಲಿ ಸುಮಾರು 1300 ಅಡಿ ಇಳಿತ. ಕೆಳಗೆ ಬರುವಷ್ಟರಲ್ಲಿ ಹಿಂಚಕ್ರದ ಬ್ರೇಕು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಬಿಚ್ಚಿ ಗ್ರೀಸು ತುಂಬಬೇಕಾಗುತ್ತಿತ್ತು. ಆದಕಾರಣ ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂದೇ ಹೆಸರಾಯಿತು. ಗ್ಯಾರಿ ಫಿಷರ್, ಚಾರ್ಲಿ ಕೆಲ್ಲಿ, ಜೋ ಬ್ರೀಜ್ ಮೊದಲಾದವರ ಹೆಸರು ಆ ಕಾಲದೊಂದಿಗೆ ಸೇರಿಕೊಂಡಿದೆ.

ಆದರೆ ಆ ಗುಂಪಿನಲ್ಲಿ ಒಬ್ಬ ಹೆಂಗಸೂ ಇದ್ದಳು: ವೆಂಡಿ ಕ್ರಾಗ್. ತಾನೂ ಸೈಕಲ್ಲು ತುಳಿಯುತ್ತ, ಹೆಗಲಲ್ಲಿ ಕ್ಯಾಮರಾ ತೂಗುಹಾಕಿಕೊಂಡು ಅವರೆಲ್ಲರ ಚಿತ್ರ ತೆಗೆದವಳು ಅವಳು. ಇಂದು ಆ ದಿನಗಳ ಚರಿತ್ರೆಯೆಂದು ಜಗತ್ತು ನೋಡುವ ಚಿತ್ರಗಳಲ್ಲಿ ಬಹುಪಾಲು ಅವಳ ಕೈಯವು. ಚಿತ್ರ ತೆಗೆದವಳು ಚಿತ್ರದಲ್ಲಿ ಕಾಣುವುದು ಕಡಮೆಯಷ್ಟೆ. ಅವಳ ತರುವಾಯ ಬಂದ ಜಾಕಿ ಫೆಲನ್ 1983, 84, 85ರಲ್ಲಿ ಅಮೆರಿಕದ ರಾಷ್ಟ್ರೀಯ ಪಂದ್ಯವನ್ನು ಮೂರು ಸಲ ಗೆದ್ದಳು. ಗೆದ್ದವಳು ಅಷ್ಟಕ್ಕೇ ಸುಮ್ಮನಾಗದೆ 1987ರಲ್ಲಿ ಹೆಂಗಸರಿಗಾಗಿ ಒಂದು ಸಂಘ ಕಟ್ಟಿದಳು. ಅದರ ಹೆಸರನ್ನು ಕನ್ನಡಿಸಿದರೆ ‘ಮಹಿಳೆಯರ ಗುಡ್ಡದ ಸೈಕಲ್ಲು ಮತ್ತು ಚಹಾ ಸಂಘ’ ಎಂದಾಗುತ್ತದೆ. ಆ ‘ಚಹಾ’ ನನಗೆ ಬಹಳ ಹಿಡಿಸಿತು. ಬನ್ನಿ, ಗೆಲ್ಲಿ, ಸಾಧಿಸಿ ಎಂದು ಅವಳು ಕರೆಯಲಿಲ್ಲ. ಬನ್ನಿ, ತುಳಿಯೋಣ, ಬಿದ್ದರೆ ಏಳೋಣ, ಆಮೇಲೆ ಕೂತು ಚಹಾ ಕುಡಿಯೋಣ ಎಂದು ಕರೆದ ಹಾಗಿದೆ.

ಒಲಿಂಪಿಕ್ ಪಂದ್ಯಗಳ ಮಾತನ್ನು ತೆಗೆದುಕೊಳ್ಳಿ. ರಸ್ತೆಯ ಸೈಕಲ್ ಓಟಕ್ಕೆ ಗಂಡಸರು ಇಳಿದದ್ದು 1896ರಲ್ಲಿ. ಹೆಂಗಸರಿಗೆ ಆ ಬಾಗಿಲು ತೆರೆದದ್ದು 1984ರಲ್ಲಿ. ಎಂಬತ್ತೆಂಟು ವರ್ಷ ಕಾಯಬೇಕಾಯಿತು. ಗುಡ್ಡದ ಸೈಕಲ್ಲು ಹಾಗಲ್ಲ. 1996ರಲ್ಲಿ ಅಟ್ಲಾಂಟದಲ್ಲಿ ಅದು ಒಲಿಂಪಿಕ್ಕಿಗೆ ಕಾಲಿಟ್ಟಾಗ ಗಂಡಸರದೂ ಹೆಂಗಸರದೂ ಪಂದ್ಯ ಜೊತೆಯಲ್ಲೇ ಶುರುವಾಯಿತು. ಇಟಲಿಯ ಪಾವೊಲಾ ಪೆಟ್ಸೊ ಹೆಂಗಸರಲ್ಲಿ ಮೊದಲ ಚಿನ್ನ ಗೆದ್ದಳು. ಅಂದರೆ ಈ ಆಟದ ನಿಯಮದಲ್ಲಿ ಹೆಣ್ಣಿಗೆ ಅಡ್ಡಿಯಿಲ್ಲ. ಹಾಗಿದ್ದೂ ಯಾವ ದೇಶದ ಗುಡ್ಡಕ್ಕೆ ಹೋದರೂ ಅಲ್ಲಿ ಹೆಂಗಸರ ಸಂಖ್ಯೆ ಕಡಮೆಯೇ. ಬಾಗಿಲು ತೆರೆದಿದೆ, ಒಳಗೆ ಬರುವವರು ಕಡಮೆ ಎಂದರೆ, ತಡೆ ಬಾಗಿಲಿನಲ್ಲಿಲ್ಲ, ಬಾಗಿಲಿಗೆ ಬರುವ ದಾರಿಯಲ್ಲಿದೆ ಎಂದಾಯಿತು.

ಆ ತಡೆ ಯಾವುದು? ಹೆಣ್ಣು ಹೆದರುತ್ತಾಳೆ ಎನ್ನುವವರುಂಟು. ನನ್ನ ಅನುಭವ ಹಾಗೆ ಹೇಳುವುದಿಲ್ಲ. ನಾನು ಮಲೆನಾಡಿನವಳು. ಅಪ್ಪನ ದೊಡ್ಡ ಸೈಕಲ್ಲಿನ ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ, ಕತ್ತರಿ ಹೊಡೆದು ಕಲಿತವಳು. ದೇವಸ್ಥಾನದ ಇಳಿಜಾರಿನಲ್ಲಿ ಬಿದ್ದು ಗದ್ದ ಒಡೆದುಕೊಂಡದ್ದರ ಗುರುತು ಈಗಲೂ ಇದೆ. ಮರುದಿನ ಮತ್ತೆ ಅದೇ ಇಳಿಜಾರಿಗೆ ಹೋಗಿದ್ದೆ. ಹದಿಮೂರು ತುಂಬಿದ ಮೇಲೆ ನನ್ನ ಸವಾರಿ ನಿಂತಿತು. ಯಾರೂ ಗದರಲಿಲ್ಲ, ಬೇಡವೆನ್ನಲೂ ಇಲ್ಲ. ಒಂದು ದಿನ ಸೈಕಲ್ಲು ತಮ್ಮನದಾಯಿತು, ಅಷ್ಟೆ. “ಅವನಿಗೆ ಬೇಕಾಗುತ್ತೆ” ಎಂದರು ಅಮ್ಮ. ನನಗೆ ಬೇಕಾಗುವುದಿಲ್ಲವೆಂದು ನಾನೂ ನಂಬಿದೆ. ಭಯ ನನಗೆ ಹುಟ್ಟಿನಿಂದ ಬಂದದ್ದಲ್ಲ. ರೂಢಿ ತಪ್ಪಿದ ಮೇಲೆ ಬಂದು ಸೇರಿಕೊಂಡದ್ದು.

“ಬೇಕಾಗುತ್ತೆ” ಎಂಬ ಆ ಮಾತಿನಲ್ಲಿಯೇ ಇಡೀ ಸಮಸ್ಯೆಯ ಬೇರಿದೆಯೆಂದು ಈಗ ತೋರುತ್ತದೆ. ಹೆಣ್ಣಿನ ಸೈಕಲ್ಲಿಗೆ ನಮ್ಮ ಸಮಾಜ ಒಪ್ಪಿಲ್ಲವೆಂದು ಹೇಳುವಂತಿಲ್ಲ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ, ಶೀಲಾ ರಾಣಿ ಚುಂಕತ್ ಅವರು ಕಲೆಕ್ಟರಾಗಿದ್ದಾಗ, ಅಕ್ಷರ ಕಲಿಕೆಯ ಜೊತೆಗೆ ಸೈಕಲ್ಲನ್ನೂ ಸೇರಿಸಿದರು. ಕೂಲಿ ಮಾಡುವ, ಕಲ್ಲು ಒಡೆಯುವ ಹೆಂಗಸರು ಸಾವಿರಗಟ್ಟಲೆ ಮಂದಿ ಕಲಿತರು. ಹೆಂಗಸರ ಸೈಕಲ್ಲು ಸಿಗದಿದ್ದಾಗ ಗಂಡಸರ ಸೈಕಲ್ಲನ್ನೇ ಹತ್ತಿದರು. ಬಿಹಾರ ಸರಕಾರ 2006ರಲ್ಲಿ ಪ್ರೌಢಶಾಲೆಯ ಹೆಣ್ಣುಮಕ್ಕಳಿಗೆ ಸೈಕಲ್ಲು ಕೊಳ್ಳಲು ಹಣ ಕೊಟ್ಟಿತು. ಅದರ ಫಲವನ್ನು ಅಳೆದ ಕಾರ್ತಿಕ್ ಮುರಳೀಧರನ್, ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು 2017ರ ತಮ್ಮ ಪ್ರಬಂಧದಲ್ಲಿ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತೆಂದು ತೋರಿಸಿದ್ದಾರೆ. ನಮ್ಮ ರಾಜ್ಯವೂ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲು ತೊಡಗಿತು. ಇವೆಲ್ಲ ದೊಡ್ಡ ಕೆಲಸಗಳು. ಯಾರೂ ಹಗುರವಾಗಿ ಕಾಣತಕ್ಕವಲ್ಲ.

ಆದರೆ ಗಮನಿಸಿ. ಇಲ್ಲೆಲ್ಲ ಸೈಕಲ್ಲು ಎಲ್ಲಿಗೋ ಹೋಗಲಿಕ್ಕಾಗಿ ಇದೆ. ಶಾಲೆಗೆ, ಸಂತೆಗೆ, ಕೂಲಿಗೆ, ನೀರಿಗೆ. “ಎಲ್ಲಿಗೆ ಹೊರಟೆ?” ಎಂದು ಕೇಳಿದರೆ ಹುಡುಗಿಯ ಬಳಿ ಉತ್ತರವಿದೆ. ಗುಡ್ಡದ ಸೈಕಲ್ಲಿನವಳನ್ನು ಕೇಳಿ ನೋಡಿ. ಎಲ್ಲಿಗೂ ಇಲ್ಲ, ಮೇಲಕ್ಕೆ ಹೋಗಿ ಕೆಳಕ್ಕೆ ಬರುತ್ತೇನೆ ಎನ್ನುತ್ತಾಳೆ. ಹೊರಟ ಜಾಗಕ್ಕೇ ಮರಳಿ ಬರಲು ಇಷ್ಟು ಪಾಡೆ? ಅದೇ ಪಾಡು ಪಡುವ ಹುಡುಗನನ್ನು ನಾವು ಹಾಗೆ ಕೇಳುವುದಿಲ್ಲ. ಹುಡುಗ ಬುದ್ಧಿ ಎಂದು ನಕ್ಕುಬಿಡುತ್ತೇವೆ. ಹೆಣ್ಣಿನ ಸಂತೋಷಕ್ಕೆ ಮಾತ್ರ ಕಾರಣ ಬೇಕು, ಪ್ರಯೋಜನ ಬೇಕು. ಆದ್ದರಿಂದಲೇ ಪ್ರೋತ್ಸಾಹಿಸುವವರು ಕೂಡ ಆರೋಗ್ಯಕ್ಕೆ ಒಳ್ಳೆಯದು, ಆತ್ಮವಿಶ್ವಾಸ ಬೆಳೆಯುತ್ತದೆ ಎಂದು ಔಷಧಿಯಂತೆ ಈ ಆಟವನ್ನು ಶಿಫಾರಸು ಮಾಡುತ್ತಾರೆ. ಸುಳ್ಳಲ್ಲ, ಆದರೆ ಔಷಧಿಯೆಂದು ಕೊಟ್ಟದ್ದನ್ನು ಯಾರೂ ಚಪ್ಪರಿಸಿ ತಿನ್ನುವುದಿಲ್ಲ.

ಹಿಂದೆಯೂ ಹೀಗೆಯೇ ಇತ್ತು. 1890ರ ದಶಕದಲ್ಲಿ ಪಶ್ಚಿಮ ದೇಶಗಳಲ್ಲಿ ಹೆಂಗಸರು ಸೈಕಲ್ಲು ಹತ್ತಿದಾಗ, ಸಮತೋಲ ಕಾಯುವ ಆತಂಕದಿಂದ ಮುಖ ಬಿಗಿದು ವಿಕಾರವಾಗುತ್ತದೆಯೆಂದು ವೈದ್ಯರು ಎಚ್ಚರಿಸಿದರು. ‘ಸೈಕಲ್ ಮುಖ’ ಎಂಬ ರೋಗವನ್ನೇ ಹೆಸರಿಸಿದರು. ಅದೇ ಕಾಲದಲ್ಲಿ ಅಮೆರಿಕದ ಪಾನನಿರೋಧ ಚಳುವಳಿಯ ನಾಯಕಿ ಫ್ರಾನ್ಸಿಸ್ ವಿಲ್ಲರ್ಡ್ ತನ್ನ ಐವತ್ತಮೂರನೆಯ ವಯಸ್ಸಿನಲ್ಲಿ ಸೈಕಲ್ಲು ಕಲಿತಳು. ಕಲಿತ ಬಗೆಯನ್ನು 1895ರಲ್ಲಿ ಪುಸ್ತಕವಾಗಿಯೂ ಬರೆದಳು. ತನ್ನ ಸೈಕಲ್ಲಿಗೆ ಗ್ಲ್ಯಾಡಿಸ್ ಎಂದು ಹೆಸರಿಟ್ಟಿದ್ದಳಂತೆ. ಸೈಕಲ್ಲಿಗೆ ಹೆಸರಿಟ್ಟು ಕರೆಯುವವಳ ಮನಸ್ಸಿನಲ್ಲಿ ಪ್ರಯೋಜನವೊಂದೇ ಇದ್ದಿತೆಂದು ನಾನು ನಂಬುವುದಿಲ್ಲ.

ಮತ್ತೆ ನನ್ನ ಚೀಟಿಯ ಕಥೆಗೆ ಬರುತ್ತೇನೆ. ನಾನು ಸಹಿ ಹಾಕಿದ ಮೂರನೆಯ ವಾರ ಗುಂಪಿನ ಹುಡುಗನೊಬ್ಬ ಬಿದ್ದು ಮಣಿಕಟ್ಟು ಮುರಿದುಕೊಂಡ. ಕಾಲೇಜಿನಲ್ಲಿ ಅವನ ಪ್ಲಾಸ್ಟರಿನ ಮೇಲೆ ಗೆಳೆಯರು ಹೆಸರು ಬರೆದರು, ಚಿತ್ರ ಬಿಡಿಸಿದರು; ನಮ್ಮ ಸಹೋದ್ಯೋಗಿಯೊಬ್ಬರೂ ಒಂದು ಹಾರೈಕೆ ಬರೆದರು. ಮತ್ತೆರಡು ವಾರಕ್ಕೆ ನನ್ನ ಕನ್ನಡದ ಹುಡುಗಿ ಬಿದ್ದಳು. ಕತ್ತಿನ ಕೆಳಗಿನ ಕಾಲರ್ ಎಲುಬು ಮುರಿಯಿತು. ಈ ಆಟದಲ್ಲಿ ಅದು ಸಾಮಾನ್ಯವಾದ ಪೆಟ್ಟು. ಜೋಳಿಗೆಯಲ್ಲಿ ಕೈ ಇಟ್ಟುಕೊಂಡು ಆರೆಂಟು ವಾರವಿದ್ದರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಆದರೆ ಈ ಸಲ ಯಾರೂ ಹಾರೈಕೆ ಬರೆಯಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: “ಇವಳನ್ನು ಕಳಿಸಿದವರು ಯಾರು?”

ಕಳಿಸಿದವಳು ನಾನು. ಹುಡುಗ ತಾನಾಗಿ ಹೋಗಿದ್ದ. ಹುಡುಗಿಯನ್ನು ಯಾರೋ ಕಳಿಸಿರಲೇಬೇಕು! ಅವನ ಬೀಳು ಅವನೊಬ್ಬನದು. ಇವಳ ಬೀಳು ಹೆಣ್ಣುಕುಲದ ಮೇಲೆ ಬರೆದ ತೀರ್ಪು. ನಮ್ಮ ಭಾಷೆಯಲ್ಲಿ ‘ಕಲೆ’ ಎಂಬುದಕ್ಕೆ ಎರಡು ಅರ್ಥಗಳಿವೆಯಷ್ಟೆ. ಗಾಯದ ಗುರುತು ಹುಡುಗನ ಮೈಮೇಲಿದ್ದರೆ ಮೊದಲನೆಯ ಅರ್ಥದ ಕಲೆ, ಹುಡುಗಿಯ ಮೈಮೇಲಿದ್ದರೆ ಎರಡನೆಯದು.

ಅವಳ ಮನೆಗೆ ಹೋದೆ. ತಾಯಿ ಗದ್ದಲ ಮಾಡುವವರಲ್ಲ. ಕಾಫಿ ಕೊಟ್ಟು, ಎದುರಿಗೆ ಕೂತು, ಒಂದೇ ಮಾತು ಕೇಳಿದರು: “ನಿಮಗೂ ಮಗಳಿದ್ದಾಳಂತೆ. ಅವಳನ್ನು ಕಳಿಸುತ್ತಿದ್ದಿರಾ?”

ನನ್ನ ಮಗಳಿಗೆ ಹದಿಮೂರು. ಸೈಕಲ್ಲು ಕೇಳುತ್ತಿದ್ದಾಳೆ. ಪರೀಕ್ಷೆ ಮುಗಿಯಲಿ ಎಂದು ಎರಡು ಪರೀಕ್ಷೆಗಳನ್ನು ದಾಟಿಸಿದ್ದೆ. ತಾಯಿಗೆ ಉತ್ತರ ಕೊಡಲಾಗಲಿಲ್ಲ; ಕಾಫಿ ಆರಿತು; ಎದ್ದು ಬಂದೆ.

ಆ ಪ್ರಶ್ನೆಯನ್ನು ಅಂದಿನಿಂದ ತಿರುವಿ ತಿರುವಿ ನೋಡಿದ್ದೇನೆ. ಅದರಲ್ಲಿ ನ್ಯಾಯವಿದೆ. ಇನ್ನೊಬ್ಬರ ಎಲುಬನ್ನು ಪಣವಾಗಿಟ್ಟು ಧೈರ್ಯವಂತರಾಗುವುದು ಸುಲಭ. ವೇದಿಕೆಯ ಪ್ರೋತ್ಸಾಹ ಬಹುಮಟ್ಟಿಗೆ ಈ ಜಾತಿಯದು. ತಾಯಂದಿರ ಭಯವೂ ಬರಿಯ ಕಲ್ಲಿನದಲ್ಲ. ನಿರ್ಜನವಾದ ಗುಡ್ಡದಲ್ಲಿ ಹೆಣ್ಣುಮಗಳು ಕಲ್ಲಿಗಿಂತ ಮನುಷ್ಯನಿಗೆ ಹೆದರಬೇಕಾಗಿದೆ; ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರು ಪತ್ರಿಕೆ ಓದುವವರಲ್ಲ. ಖರ್ಚಿನ ಮಾತೂ ಇದೆ. ಒಳ್ಳೆಯ ಗುಡ್ಡದ ಸೈಕಲ್ಲಿನ ಬೆಲೆಗೆ ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳ ವರ್ಷದ ಓದು ನಡೆದೀತು. ಮೇಲಾಗಿ, ಹೆಂಗಸರೆಲ್ಲ ಗುಡ್ಡ ಹತ್ತಲೇಬೇಕೆಂಬ ಹೊಸ ಶಾಸ್ತ್ರವನ್ನೂ ನಾನು ಬರೆಯಲಾರೆ. ಅಡುಗೆ, ಆಫೀಸು, ಮಕ್ಕಳ ಪಾಠ ಇವುಗಳ ಮೇಲೆ ‘ಸಾಹಸ’ವೆಂಬ ಇನ್ನೊಂದು ಕರ್ತವ್ಯವನ್ನು ಹೇರುವುದು ಉಪಕಾರವಲ್ಲ.

ಇಷ್ಟನ್ನೂ ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ಆ ತಾಯಿ ಕೇಳಿದ ಪ್ರಶ್ನೆಯನ್ನು ಮಣಿಕಟ್ಟು ಮುರಿದ ಹುಡುಗನ ತಾಯಿ ನನ್ನನ್ನು ಕೇಳಲಿಲ್ಲ. ಅವರಿಗೆ ಮಗನ ಮೇಲೆ ಪ್ರೀತಿ ಕಡಮೆಯೆ? ಅಲ್ಲ. ಬೀಳುವುದು ಅವನ ಬಾಳಿನ ಭಾಗವೆಂದು ಅವರು ಮೊದಲೇ ಒಪ್ಪಿದ್ದರು. ಅಪಾಯ ಇಬ್ಬರಿಗೂ ಒಂದೇ. ಅದನ್ನು ತಾನೇ ತೂಗಿ ನೋಡುವ ಅಧಿಕಾರ ಒಬ್ಬನಿಗೆ ಉಂಟು, ಒಬ್ಬಳಿಗೆ ಇಲ್ಲ. ಅನ್ಯಾಯವಿರುವುದು ಅಲ್ಲಿ. ಇನ್ನು ನಿರ್ಜನ ಸ್ಥಳದ ಭಯ: ತಪ್ಪು ಮಾಡುವವನು ಗುಡ್ಡದಲ್ಲಿ ಅಡ್ಡಾಡುತ್ತಿರುತ್ತಾನೆಂದು ತಪ್ಪು ಮಾಡದವಳನ್ನು ಮನೆಯಲ್ಲಿ ಕೂರಿಸಿದರೆ, ಗುಡ್ಡವನ್ನು ಅವನ ಹೆಸರಿಗೆ ಬರೆದುಕೊಟ್ಟಂತಾಯಿತು. ಒಬ್ಬಳಿರುವ ಕಡೆ ಹತ್ತು ಮಂದಿ ಹೆಂಗಸರು ಓಡಾಡಿದರೆ ಆ ಜಾಗವೇ ಬೇರೆಯಾಗುತ್ತದೆ. ಹೆಚ್ಚು ಮಂದಿ ಬರಲಿ ಎಂಬುದಕ್ಕೆ ನನಗೆ ತೋರುವ ಗಟ್ಟಿಯಾದ ಕಾರಣ ಇದೇ.

ಕನ್ನಡದ ಮೇಷ್ಟರಿಗೆ ಶಬ್ದದ ಹುಚ್ಚು ತಪ್ಪದು. ‘ಪ್ರೋತ್ಸಾಹ’ದ ಒಳಗೆ ‘ಉತ್ಸಾಹ’ವಿದೆ. ನಮ್ಮ ಅಲಂಕಾರಶಾಸ್ತ್ರದಲ್ಲಿ ಉತ್ಸಾಹವೆಂಬುದು ವೀರರಸದ ಸ್ಥಾಯಿಭಾವ. ಸ್ಥಾಯಿ ಎಂದರೆ ಮೊದಲೇ ಒಳಗಿರತಕ್ಕದ್ದು. ಹೊರಗಿನಿಂದ ಯಾರೂ ಸುರಿಯುವಂಥದ್ದಲ್ಲ. ತಕ್ಕ ಸಾಮಗ್ರಿ ಒದಗಿದಾಗ ಅದು ತಾನಾಗಿ ರಸವಾಗುತ್ತದೆ. ಹಾಗಾದರೆ ಹೆಣ್ಣುಮಕ್ಕಳಿಗೆ ಉತ್ಸಾಹ ತುಂಬುತ್ತೇವೆನ್ನುವುದು ಶಾಸ್ತ್ರಕ್ಕೂ ಒಪ್ಪದ ಮಾತು. ಹದಿಮೂರರ ತನಕ ಅದು ಇದ್ದೇ ಇತ್ತು. ಆಮೇಲೆ ನಾವು ಅದರ ಸಾಮಗ್ರಿಯನ್ನು ತೆಗೆದು ತಮ್ಮನಿಗೆ ಕೊಟ್ಟೆವು. ಹಿಂದಿರುಗಿಸಬೇಕಾದ್ದು ಸಾಮಗ್ರಿ.

ಆ ಸಾಮಗ್ರಿ ಬಹಳ ಸಣ್ಣ ಸಣ್ಣ ಸಂಗತಿಗಳದು. ಅವಳ ಎತ್ತರಕ್ಕೆ ಸರಿಯಾದ ಸೈಕಲ್ಲು, ಅಣ್ಣನಿಗೆ ಹಳತಾದದ್ದಲ್ಲ. ಅವಳ ಬೆರಳಿಗೆ ಎಟುಕುವಂತೆ ಹತ್ತಿರಕ್ಕೆ ತಿರುಗಿಸಿದ ಬ್ರೇಕಿನ ಹಿಡಿ. ಅದು ಎಟುಕದ್ದರಿಂದಲೇ ಎಷ್ಟೋ ಮಂದಿ ತಾವು ಹೇಡಿಗಳೆಂದು ತಿಳಿದಿದ್ದಾರೆ. ತಲೆಗೆ ಹೆಲ್ಮೆಟ್ಟು. ಕಲಿಸಲು ಒಬ್ಬರು, ಸಾಧ್ಯವಾದರೆ ತಾನೂ ಬಿದ್ದೆದ್ದ ಹೆಂಗಸೊಬ್ಬಳು. ಜೊತೆಗೆ ನಾಲ್ಕು ಮಂದಿ. ವಾರದಲ್ಲಿ ಒಂದು ಬೆಳಗ್ಗೆ ಮನೆಯ ತಿಂಡಿಯನ್ನು ಬೇರೆಯವರು ಮಾಡುವ ಏರ್ಪಾಡು. ಇದಿಲ್ಲದೆ ಮೇಲಿನದೆಲ್ಲ ಇದ್ದೂ ವ್ಯರ್ಥ. ಕೊನೆಯದಾಗಿ, ಬಿದ್ದು ಬಂದ ದಿನ “ಹೇಳಿರಲಿಲ್ಲವೆ?” ಎನ್ನದ ಒಂದು ಮನೆ. ಕಲ್ಲನ್ನೇ ನೋಡಬೇಡ, ದಾರಿಯನ್ನು ನೋಡು ಎಂದು ಆ ಆಟದವರು ಕಲಿಸುತ್ತಾರೆ. ನಾವೋ ಹೆಣ್ಣು ಹುಟ್ಟಿದಂದಿನಿಂದ ಅವಳಿಗೆ ಒಂದೊಂದೇ ಕಲ್ಲನ್ನು ಬೆರಳು ಮಾಡಿ ತೋರಿಸುತ್ತೇವೆ; ಆಮೇಲೆ ಅವಳಿಗೆ ದಾರಿಯೇ ಕಾಣುವುದಿಲ್ಲವೆಂದು ಮರುಗುತ್ತೇವೆ.

ನಾನು ಮಾಡಿದ್ದು ಅಲ್ಪ. ಚೀಟಿಯ ನಮೂನೆಯನ್ನು ಬದಲಾಯಿಸಿದೆ. ಈಗ ಎಲ್ಲರಿಗೂ ಒಂದೇ ಪ್ರಶ್ನೆಗಳು: ಬ್ರೇಕು ನೋಡಿದ್ದೀರಾ, ಹೆಲ್ಮೆಟ್ಟಿದೆಯೆ, ನೀರಿದೆಯೆ, ಗುಂಪಿನಲ್ಲಿ ಪ್ರಥಮ ಚಿಕಿತ್ಸೆ ಬಲ್ಲವರು ಯಾರು, ಎಷ್ಟು ಹೊತ್ತಿಗೆ ಮರಳುತ್ತೀರಿ, ತಡವಾದರೆ ಯಾರಿಗೆ ತಿಳಿಸಬೇಕು. ಈ ಪ್ರಶ್ನೆಗಳನ್ನು ಮೊದಲೇ ಕೇಳಿದ್ದರೆ ನನ್ನ ಸಹಿ ವಿವೇಕದ ಸಹಿಯಾಗುತ್ತಿತ್ತು. ಹುಡುಗರನ್ನು ಏನೂ ಕೇಳದೆ ಕಳಿಸಿದ್ದು ಉದಾರತೆಯಲ್ಲ, ಅಲಕ್ಷ್ಯ. ಹುಡುಗಿಯರನ್ನು ಬೇಡದ್ದನ್ನು ಕೇಳಿದ್ದು ಕಾಳಜಿಯಲ್ಲ, ಅಭ್ಯಾಸ.

ಎಂಟನೆಯ ವಾರ ಆ ತಾಯಿಯ ಮನೆಗೆ ಮತ್ತೊಮ್ಮೆ ಹೋದೆ. ಬಾಕಿಯಿದ್ದ ಉತ್ತರ ಕೊಡಬೇಕಿತ್ತು. “ಸೈಕಲ್ಲು ಕೊಡಿಸಿದ್ದೇನೆ. ಕಳಿಸುತ್ತೇನೆ. ಆದರೆ ಭಯವಾಗುತ್ತೆ” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೂ ಆಗುತ್ತೆ” ಎಂದರು. ಒಳಗಿನ ಕೋಣೆಯಲ್ಲಿ ಹುಡುಗಿ ಕೈಯನ್ನು ನಿಧಾನವಾಗಿ ಮೇಲೆತ್ತಿ ಇಳಿಸಿ ವ್ಯಾಯಾಮ ಮಾಡುತ್ತಿದ್ದಳು. ಹೊರಡುವಾಗ ಆ ತಾಯಿ ಬಾಗಿಲ ತನಕ ಬಂದು, ಮಗಳಿಗೆ ಕೇಳಿಸದಂತೆ, ಗುಡ್ಡಕ್ಕೆ ಮರಳಿ ಹೋಗಲು ಡಾಕ್ಟರು ಇನ್ನೆಷ್ಟು ದಿನ ಬೇಕೆನ್ನಬಹುದು ಎಂದು ವಿಚಾರಿಸಿದರು.